ಮೆಂಬರಿಗೆ ಸಂವಿಧಾನದ ಮೊಹರು ಬಿದ್ದ ಕಥೆ

ನಲ್ಲಿಯಲ್ಲಿ ನೀರು ಬಾರದ ದಿನ ಪಂಚನಹಳ್ಳಿಯಂಥ ಊರಿನವರು ಮೊದಲು ನೀರುಗಂಟಿಯನ್ನು ಹುಡುಕುತ್ತಾರೆ, ಆಮೇಲೆ ತಮ್ಮ ಬೀದಿಯ ಪಂಚಾಯಿತಿ ಮೆಂಬರನ್ನು. ಶಾಸಕರು ದೂರ, ಸಂಸದರು ಇನ್ನೂ ದೂರ. ಕಡೂರು ತಾಲ್ಲೂಕಿನ ಬಯಲುಸೀಮೆಯ ಈ ಹೋಬಳಿ ಕೇಂದ್ರದಲ್ಲಿ ರಾಗಿಯೂ ತೆಂಗೂ ಮಳೆಯ ಮರ್ಜಿ ಕಾಯುತ್ತವೆ. ಬೋರ್‌ವೆಲ್ ಬತ್ತಿದರೆ ಬೈಯಲು ಕೈಗೆ ಸಿಗುವವರು ಮೆಂಬರೇ. ಆ ಮೆಂಬರು ಐದು ವರ್ಷಕ್ಕೊಮ್ಮೆ ಓಟು ಕೇಳಲು ಮನೆ ಬಾಗಿಲಿಗೆ ಬರಲೇಬೇಕೆಂಬ ಕಟ್ಟಳೆ ಸಂವಿಧಾನಕ್ಕೆ ಸೇರಿದ್ದು 1993ರಲ್ಲಿ. ಗಣರಾಜ್ಯಕ್ಕೆ ಆಗ ನಲವತ್ತಮೂರು ವರ್ಷ.

ಸಂವಿಧಾನದ ಕರಡಿನಲ್ಲಿ ಪಂಚಾಯಿತಿಗೆ ಜಾಗವೇ ಇರಲಿಲ್ಲ. ಹಳ್ಳಿಯೆಂದರೆ ಸಂಕುಚಿತತೆ, ಅಜ್ಞಾನ, ಕೋಮುಭಾವನೆಗಳ ಕೂಪ ಎಂಬುದು ಅಂಬೇಡ್ಕರ್ ಅವರ ನಿಲುವು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಗಾಂಧಿಯ ಗ್ರಾಮಸ್ವರಾಜ್ಯವನ್ನು ನಂಬಿದ್ದ ಸದಸ್ಯರು ಸುಮ್ಮನಿರಲಿಲ್ಲ. ಅದೇ ತಿಂಗಳು ಕೆ. ಸಂತಾನಂ ತಂದ ತಿದ್ದುಪಡಿಯಿಂದ ಪಂಚಾಯಿತಿಗೆ ಒಂದು ವಿಧಿ ದಕ್ಕಿತು: 40ನೇ ವಿಧಿ. ಆದರೆ ಅದು ಸೇರಿದ್ದು ನಿರ್ದೇಶಕ ತತ್ವಗಳ ಸಾಲಿಗೆ. ಸರ್ಕಾರ ಪಾಲಿಸದಿದ್ದರೆ ಕೋರ್ಟಿನಲ್ಲಿ ಕೇಳುವಂತಿರಲಿಲ್ಲ.

ಮುಂದೆ ಎಲ್ಲವೂ ರಾಜ್ಯಗಳ ಮನಸ್ಸಿಗೆ ಬಿಟ್ಟ ಮಾತಾಯಿತು. ನಮ್ಮಲ್ಲಿ 1959ರ ಕಾಯ್ದೆ ಗ್ರಾಮ ಪಂಚಾಯಿತಿಗಳನ್ನೂ ತಾಲ್ಲೂಕು ಬೋರ್ಡುಗಳನ್ನೂ ಕೊಟ್ಟಿತು. ಹಣವೂ ಅಧಿಕಾರವೂ ಮೇಲೆಯೇ ಉಳಿದವು.

ನೀರ್ ಸಾಬ್ ಹಾಕಿದ ದಾರಿ

ಪಂಚಾಯಿತಿಯ ನಸೀಬು ತಿರುಗಿದ್ದು 1983ರಲ್ಲಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ. ಊರೂರಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು ಇವರೇ. ಅವರು ರೂಪಿಸಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬೀಳಲು 1985ರವರೆಗೆ ಕಾಯಬೇಕಾಯಿತು. 1987ರ ಜನವರಿಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಮುಖ್ಯ ಕಾರ್ಯದರ್ಶಿಯಾಗಿ ಅಧ್ಯಕ್ಷರ ಕೈಕೆಳಗೆ. ಇದನ್ನು ನೋಡಿ ಕಲಿಯಲು ಹೊರರಾಜ್ಯದವರು ಕರ್ನಾಟಕಕ್ಕೆ ಬಂದರು. 1988ರ ಅಕ್ಟೋಬರಿನಲ್ಲಿ ನಜೀರ್ ಸಾಬ್ ತೀರಿಕೊಂಡರು.

ಅವರ ಕಾಯ್ದೆ ರಾಜ್ಯದ ಕಾಯ್ದೆಯಷ್ಟೇ ಆಗಿತ್ತು. ಅದರ ಮಿತಿ ಬೇಗನೆ ಗೊತ್ತಾಯಿತು. 1992ರಲ್ಲಿ ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕುಳಿತರು. ದೇಶಕ್ಕೇ ಮೇಲ್ಪಂಕ್ತಿ ಎನಿಸಿಕೊಂಡ ರಾಜ್ಯದ ಗತಿ ಇದಾದರೆ ಉಳಿದವರ ಪಾಡೇನು?

ದೆಹಲಿಯಲ್ಲಿ ನಡೆದ ಯತ್ನ

ಈ ರೋಗಕ್ಕೆ ಸಂವಿಧಾನದಲ್ಲೇ ಮದ್ದು ಹಾಕಬೇಕೆಂದು ರಾಜೀವ್ ಗಾಂಧಿ ಸರ್ಕಾರ ಅದಕ್ಕೂ ಮುಂಚೆ, 1989ರಲ್ಲೇ 64ನೇ ತಿದ್ದುಪಡಿ ಮಸೂದೆ ತಂದಿತ್ತು. ಲೋಕಸಭೆ ಒಪ್ಪಿತು, ಅಕ್ಟೋಬರಿನಲ್ಲಿ ರಾಜ್ಯಸಭೆಯಲ್ಲಿ ಅಗತ್ಯ ಬಹುಮತ ಸಿಗದೆ ಬಿದ್ದುಹೋಯಿತು. ಮುಂದೆ ಪಿ.ವಿ. ನರಸಿಂಹ ರಾವ್ ಸರ್ಕಾರದ ಯತ್ನ ಫಲಿಸಿತು. 1992ರ ಡಿಸೆಂಬರಿನಲ್ಲಿ ಎರಡೂ ಸದನಗಳ ಒಪ್ಪಿಗೆ ಪಡೆದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಯಾಯಿತು. ಮರುತಿಂಗಳೇ ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆಯೂ ಬಂತು.

ಬದಲಾದದ್ದೇನು? ಮತದಾರರೆಲ್ಲ ಕೂಡುವ ಗ್ರಾಮಸಭೆಗೆ ಸಂವಿಧಾನದ ಮಾನ್ಯತೆ ಬಂತು. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕ ಸ್ಥಾನ, ಹೆಂಗಸರಿಗೆ ಕನಿಷ್ಠ ಮೂರರಲ್ಲೊಂದು ಪಾಲು ಖಾತ್ರಿಯಾಯಿತು. 2010ರಲ್ಲಿ ಕರ್ನಾಟಕ ಆ ಪಾಲನ್ನು ಅರ್ಧಕ್ಕೆ ಏರಿಸಿತು. ಚುನಾವಣೆ ನಡೆಸಲು ರಾಜ್ಯ ಚುನಾವಣಾ ಆಯೋಗ, ಹಣದ ಪಾಲು ಶಿಫಾರಸು ಮಾಡಲು ರಾಜ್ಯ ಹಣಕಾಸು ಆಯೋಗ ಬಂದವು. ಕುಡಿಯುವ ನೀರು, ರಸ್ತೆ, ಪ್ರಾಥಮಿಕ ಶಿಕ್ಷಣ ಸೇರಿ 29 ವಿಷಯಗಳನ್ನು ಹನ್ನೊಂದನೇ ಅನುಸೂಚಿಯಲ್ಲಿ ಪಟ್ಟಿಮಾಡಲಾಯಿತು. ಆದರೆ ಅವುಗಳನ್ನು ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕೆಂಬ ತೀರ್ಮಾನ ಮಾತ್ರ ರಾಜ್ಯದ ಕೈಯಲ್ಲೇ ಉಳಿಯಿತು. ತಿದ್ದುಪಡಿಯ ಸಡಿಲ ಗಂಟು ಇದೇ.

ಬಿಗಿ ಗಂಟು 243-ಇ ವಿಧಿ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಆ ಅವಧಿ ಮುಗಿಯುವುದರೊಳಗೆ ಹೊಸ ಚುನಾವಣೆ ಮುಗಿದಿರಬೇಕು. ಗುಜರಾತಿನ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಇಂಥದೇ ನಿಯಮ ಚರ್ಚೆಗೆ ಬಂದಾಗ, ಸಾಮಾನ್ಯ ಆಡಳಿತಾತ್ಮಕ ನೆಪಗಳನ್ನು ಹೇಳಿ ಚುನಾವಣೆ ಮುಂದೂಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಪಷ್ಟಪಡಿಸಿತು.

ಇಷ್ಟಾದರೂ ಕರ್ನಾಟಕದಲ್ಲಿ ಏನಾಯಿತು? ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಹೊಣೆಯನ್ನು ಚುನಾವಣಾ ಆಯೋಗದಿಂದ ಹಿಂಪಡೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಆಮೇಲೆ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ವರ್ಷಗಳೇ ಉರುಳಿದವು. ಬಿಜೆಪಿ ಸರ್ಕಾರ ಹೋಗಿ ಕಾಂಗ್ರೆಸ್ ಸರ್ಕಾರ ಬಂದರೂ ಆಡಳಿತಾಧಿಕಾರಿಗಳ ಕುರ್ಚಿ ಅಲುಗಲಿಲ್ಲ. 1992ರ ರೋಗ, ಅದಕ್ಕೆಂದೇ ಕೊಟ್ಟ ಮದ್ದನ್ನೂ ಮೀರಿ ಮರುಕಳಿಸಿದೆ.

ಐದು ವರ್ಷಕ್ಕೊಮ್ಮೆ ಓಟು ಹಾಕುವ ಹಕ್ಕನ್ನು ಸಂವಿಧಾನ ಮತದಾರನಿಗೆ ಕೊಟ್ಟಿದೆ, ಸರ್ಕಾರದ ಅನುಕೂಲಕ್ಕಲ್ಲ. ಹಾಗಾಗಿ ಕೇಳಬೇಕಾದವರೂ ಮತದಾರರೇ. ಪಂಚನಹಳ್ಳಿಯಿರಲಿ, ನಿಮ್ಮ ಊರೇ ಇರಲಿ, ಮುಂದಿನ ಗ್ರಾಮಸಭೆಗೆ ಹೋದಾಗ ಮನೆ ಪಟ್ಟಿ, ಚರಂಡಿ, ಉದ್ಯೋಗ ಖಾತ್ರಿ ಕೂಲಿಯ ಜೊತೆಗೆ 243-ಇ ವಿಧಿಯ ಮಾತನ್ನೂ ಎತ್ತಿ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದುಬನ್ನಿ.