ಒಂಟೆ ಬಂತು, ನೊಣ ಬರಲಿಲ್ಲ!

2009ರಲ್ಲಿ ದುಬೈನಲ್ಲಿ ಇಂಜಾಜ್ ಹುಟ್ಟಿತು. ಜಗತ್ತಿನ ಮೊದಲ ಕ್ಲೋನ್ ಒಂಟೆ. ಮಾಂಸಕ್ಕಾಗಿ ಕಡಿದ ಒಂಟೆಯೊಂದರ ಅಂಡಾಶಯದ ಜೀವಕೋಶವೇ ಅದರ ಮೂಲ. ಹಾಗಾದ್ರೆ, ದೇವರ ಹೊರತು ಬೇರೆ ಯಾರಿಂದಲೂ ಒಂದು ನೊಣದ ಸೃಷ್ಟಿಯೂ ಆಗದು ಅನ್ನೋ ಅರ್ಥದ ಕುರಾನಿನ ಮಾತು ಸುಳ್ಳಾಯ್ತಾ?

ಇಲ್ಲ ಸ್ವಾಮಿ. ವಿಜ್ಞಾನಿ ಸೊನ್ನೆಯಿಂದ ಏನನ್ನೂ ಮಾಡಿಲ್ಲ. ಒಂದು ಪ್ರಾಣಿಯ ಕೋಶಕೇಂದ್ರವನ್ನು, ತನ್ನ ಕೇಂದ್ರ ಕಳೆದುಕೊಂಡ ಅಂಡಾಣುವಿನೊಳಗೆ ಕೂರಿಸ್ತಾನೆ, ಅಷ್ಟೇ. ಬೆಳೆಸೋದು ಬಾಡಿಗೆ ತಾಯಿಯ ಗರ್ಭ. ಜೆರಾಕ್ಸ್ ಅಂಗಡಿಯವನು ಕಾದಂಬರಿಕಾರ ಆಗೋದಿಲ್ಲವಲ್ಲ!

ಅದಕ್ಕೇ 1997ರಲ್ಲಿ ಜೆಡ್ಡಾದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಮನುಷ್ಯರ ಕ್ಲೋನಿಂಗ್ ಬೇಡವೆಂದರೂ, ಪ್ರಾಣಿಗಳಲ್ಲಿ ಷರೀಅತ್ ಮಿತಿಯೊಳಗೆ ಒಪ್ಪಿತು. ಷರತ್ತು: ಅದರಿಂದ ಒಳಿತಾಗಬೇಕು, ಹಾನಿಯಾಗಬಾರದು.

ನನ್ನ ತಕರಾರು ಇಲ್ಲಿ. ಅದೇ ದುಬೈನಲ್ಲಿ ಇವತ್ತು ಓಟದ ಒಂಟೆ, ಸೌಂದರ್ಯ ಸ್ಪರ್ಧೆಯ ಒಂಟೆಗಳ ಕ್ಲೋನಿಂಗ್ ದೊಡ್ಡ ವ್ಯಾಪಾರ. ಎಷ್ಟೋ ಭ್ರೂಣಗಳು ನಾಶವಾಗಿ ಒಂದು ಮರಿ ಉಳಿಯುತ್ತೆ. ಇದರಲ್ಲಿ ಒಳಿತು ಯಾರದ್ದು?