ಹಿತ್ತಲಲ್ಲಿ ಹುಟ್ಟುವ ತಾಮ್ರದ ಗೆರೆಗಳು

ಹಾರನಹಳ್ಳಿಗೆ ಹೊರಗಿನವರು ಬರುವುದು ಕಲ್ಲು ನೋಡಲು. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು 1235ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀನರಸಿಂಹ ಗುಡಿ, ಹತ್ತಿರದಲ್ಲೇ ಸೋಮೇಶ್ವರ. ಹಳೇಬೀಡಿಗೆ ಹೋಗುವ ದಾರಿಯಲ್ಲಿ ಅರಸೀಕೆರೆ ಕಡೆಯಿಂದ ಬಂದವರು ಅರ್ಧ ಗಂಟೆ ಇಳಿದು ನೋಡಿ ಹೊರಡುತ್ತಾರೆ. ನಾನು ಹೋಗುವುದು ನನ್ನ ಸೋದರಮಾವನ ಹಿತ್ತಲಿಗೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಅಂಚು ಮುರಿದ ಪ್ಲಾಸ್ಟಿಕ್ ಟ್ರೇಯೊಂದರಲ್ಲಿ ಮಾವ ಪಿಸಿಬಿ ಮಾಡುತ್ತಾರೆ.

ರೇಡಿಯೊ, ಟಿವಿ ರಿಮೋಟ್, ಮೊಬೈಲ್, ಯಾವುದನ್ನು ಬಿಚ್ಚಿದರೂ ಒಳಗೆ ಸಿಗುವ ಹಸಿರು ಹಲಗೆಯೇ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಬಿಡಿಭಾಗಗಳ ನಡುವೆ ವೈರು ಎಳೆಯುವ ಬದಲು, ಹಲಗೆಗೆ ಅಂಟಿದ ತಾಮ್ರದ ಗೆರೆಗಳೇ ವಿದ್ಯುತ್ತನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತವೆ. ಮಾವನ ಬೋರ್ಡುಗಳು ಹಸಿರಲ್ಲ, ಬೇಕಲೈಟಿನ ಕಂದು ಬಣ್ಣದವು. ತೆಂಗಿನ ತೋಟದವರಿಗೆ ಬೇಕಾದ ಸಣ್ಣಪುಟ್ಟ ಸಾಧನಗಳು ಅವುಗಳ ಮೇಲೆ ಕೂರುತ್ತವೆ: ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ, ಅಪರಾತ್ರಿಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟ್ ಬಂದರೆ ಎಬ್ಬಿಸುವ ಬೆಲ್. ಎಲ್ಲವೂ ಒಂಬತ್ತು ಇಲ್ಲವೇ ಹನ್ನೆರಡು ವೋಲ್ಟಿನವು. 230 ವೋಲ್ಟ್ ನೇರವಾಗಿ ಹರಿಯುವ ಬೋರ್ಡನ್ನು ಕೈಯಲ್ಲಿ ಬರೆದು ಮಾಡಬಾರದು ಎಂಬುದು ಅವರ ಹಟ. ಆ ಹಟ ಸರಿಯಾದದ್ದೇ.

ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುವುದು ಅವರು ಗೆರೆ ಎಳೆಯುವ ರೀತಿ. ಇಂಥ ಬೋರ್ಡಿನಲ್ಲಿ ಬಿಡಿಭಾಗಗಳು ಕೂರುವುದು ಒಂದು ಮುಖದಲ್ಲಿ, ತಾಮ್ರ ಇರುವುದು ಅದರ ಬೆನ್ನಿಗೆ. ಹಾಗಾಗಿ ತಾಮ್ರದ ಮೇಲೆ ಬರೆಯುವವನಿಗೆ ಇಡೀ ಸರ್ಕ್ಯೂಟು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. 555 ಎಂಬ ಟೈಮರ್ ಐಸಿಯನ್ನೇ ನೋಡಿ. ಅದಕ್ಕೆ ಎಂಟು ಕಾಲು. ಕಚ್ಚು ಇರುವ ತುದಿಯನ್ನು ಮೇಲಿಟ್ಟು ಎದುರಿನಿಂದ ನೋಡಿದರೆ ಒಂದನೇ ಕಾಲು ಎಡಗಡೆಯ ಮೇಲ್ತುದಿಯಲ್ಲಿ, ಅಲ್ಲಿಂದ ಎಣಿಕೆ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ತಾಮ್ರದ ಕಡೆಯಿಂದ ನೋಡಿದರೆ ಅದೇ ಒಂದನೇ ಕಾಲು ಬಲಗಡೆ, ಎಣಿಕೆ ಪ್ರದಕ್ಷಿಣೆ. ಇದನ್ನು ಮರೆತರೆ ಬೋರ್ಡು ಎಷ್ಟೇ ಅಂದವಾಗಿ ಬಂದರೂ ಕೆಲಸ ಮಾಡದು. ಮಾವನ ಎದುರು ನಕ್ಷೆಯೇ ಇರುವುದಿಲ್ಲ. ತಾಮ್ರದ ತುಂಡನ್ನು ಪಾತ್ರೆ ತಿಕ್ಕುವ ನಾರಿನಿಂದ ಉಜ್ಜಿ, ತೊಳೆದು, ಒರೆಸಿ, ಐಸಿಯ ಕಾಲುಗಳಿಗೆ 2.54 ಮಿಲಿಮೀಟರ್ ಅಂತರದಲ್ಲಿ ಚುಕ್ಕೆ ಇಟ್ಟುಕೊಳ್ಳುತ್ತಾರೆ. ಆಮೇಲೆ ಪರ್ಮನೆಂಟ್ ಮಾರ್ಕರ್ ಹಿಡಿದು, ತಲೆಯೊಳಗೆ ತಿರುಗಿಸಿಕೊಂಡ ಚಿತ್ರವನ್ನು ನೇರ ಇಳಿಸುತ್ತಾರೆ. ಒಂದು ಗೆರೆ ಇನ್ನೊಂದನ್ನು ದಾಟಬಾರದು. ದಾಟಲೇಬೇಕಾದರೆ ಸುತ್ತುಹಾಕಬೇಕು, ಇಲ್ಲವೇ ರೆಸಿಸ್ಟರಿನ ಹೊಟ್ಟೆಯ ಕೆಳಗೆ ನುಸುಳಬೇಕು. ಮಾರ್ಕರ್ ಸಿಗದಿದ್ದ ದಿನಗಳಲ್ಲಿ ಅತ್ತೆಯ ನೈಲ್‌ಪಾಲಿಶ್ ಈ ಕೆಲಸಕ್ಕೆ ಬರುತ್ತಿತ್ತಂತೆ.

"ತಾಮ್ರ ಎಲ್ಲಿ ಉಳೀಬೇಕು ಅನ್ನೋದನ್ನ ಮೊದ್ಲು ಯೋಚ್ನೆ ಮಾಡು ಕಣೋ. ಮಿಕ್ಕಿದ್ದನ್ನ ನೀರು ತಿನ್ಕೊಳ್ಳುತ್ತೆ" ಎನ್ನುತ್ತಾರೆ.

ಆ ನೀರು ಫೆರಿಕ್ ಕ್ಲೋರೈಡಿನದು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ, ಅದು ಪುಡಿಯಾಗಿ ಸಿಗುತ್ತದೆ. ತಾಮ್ರ ಅಂಟಿಸಿದ ಹಲಗೆಯೂ ಅಲ್ಲಿಂದಲೇ ಬರಬೇಕು. ಪುಡಿಯನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕು, ಏಕೆಂದರೆ ಕರಗುವಾಗ ಬಿಸಿಯೇರುತ್ತದೆ. ಅಲ್ಯೂಮಿನಿಯಂ ಪಾತ್ರೆಯಂತೂ ಕೂಡದು, ಪಾತ್ರೆಯನ್ನೇ ತಿಂದುಬಿಡುತ್ತದೆ. ಬೋರ್ಡನ್ನು ಮುಳುಗಿಸಿ ಟ್ರೇಯನ್ನು ಮೆಲ್ಲಗೆ ತೂಗುತ್ತಿದ್ದರೆ, ಮಸಿ ಇಲ್ಲದ ಕಡೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪದ ತಾಮ್ರ ಅಂಚಿನಿಂದ ಕರಗುತ್ತಾ ಬರುತ್ತದೆ. ಹೊತ್ತಿಗೆ ಮುಂಚೆ ತೆಗೆದರೆ ಗೆರೆಗಳ ನಡುವೆ ಪೊರೆ ಉಳಿದು ಶಾರ್ಟ್ ಆಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಮಸಿಯ ಅಡಿಗೂ ನುಗ್ಗಿ ಸಣ್ಣ ಗೆರೆಗಳನ್ನು ಕಡಿಯುತ್ತದೆ. ಅಂಗಿಗೆ ಬಿದ್ದ ಕಲೆ ಹೋಗುವುದಿಲ್ಲ. ಇದಾದ ಮೇಲೆ ಮಸಿ ಒರೆಸಿ, 0.8 ಅಥವಾ 1 ಮಿಲಿಮೀಟರ್ ತೂತು ಕೊರೆದು, ಬೆಸುಗೆ ಹಾಕುವುದು.

ಬಳಸಿದ ದ್ರಾವಣವನ್ನು ಮಾವ ಮೋರಿಗೆ ಸುರಿಯುವುದಿಲ್ಲ. ತಾಮ್ರಕ್ಕೆ ಜೀವ ತೆಗೆಯುವ ಶಕ್ತಿಯಿದೆ ಎಂದು ತೋಟದವರಿಗೆ ಹೇಳಿಕೊಡಬೇಕಿಲ್ಲ. ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರವನ್ನು ಕೊಲ್ಲುವುದು ಮೈಲುತುತ್ತದಲ್ಲಿರುವ ತಾಮ್ರವೇ. ಅದು ಕೆರೆ ಸೇರಿದರೆ ಮೀನಿಗೆ ಕಂಟಕ. ಹಾಗಾಗಿ ವಾಷಿಂಗ್ ಸೋಡಾ ಬೆರೆಸಿ, ತಾಮ್ರ ಬಗ್ಗಡವಾಗಿ ತಳಕ್ಕೆ ಕೂತ ಮೇಲೆ ಆ ಗಷ್ಟನ್ನು ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಮನೆಯಲ್ಲಿ ಬೋರ್ಡು ಮಾಡುವುದನ್ನು ಮಕ್ಕಳಿಗೆ ಕಲಿಸುವ ಯಾರೇ ಆಗಲಿ, ಇದನ್ನು ಮೊದಲ ಪಾಠವಾಗಿ ಕಲಿಸಬೇಕು.

ಮನೆಯಲ್ಲಿ ಮಾಡುವುದು ಎಂದರೆ ಕಾರ್ಖಾನೆಯ ನಕಲು ಎಂದು ತಿಳಿಯಬೇಕಿಲ್ಲ. ಈ ವಿದ್ಯೆ ಶುರುವಾದದ್ದೇ ಬಾಡಿಗೆ ಕೋಣೆಯಲ್ಲಿ. ವಿಯೆನ್ನಾದಿಂದ ಲಂಡನ್ನಿಗೆ ಬಂದ ಪಾಲ್ ಐಸ್ಲರ್ ಎಂಬ ಎಂಜಿನಿಯರ್ 1936ರಲ್ಲಿ ಹ್ಯಾಂಪ್‌ಸ್ಟೆಡ್ಡಿನ ತನ್ನ ವಸತಿಯಲ್ಲಿ ಇಂಥ ಬೋರ್ಡಿನ ರೇಡಿಯೊ ಕಟ್ಟಿದ. ವೈರು ಕಟ್ಟಲು ಕಡಿಮೆ ಕೂಲಿಯ ಹೆಣ್ಣುಮಕ್ಕಳು ಸಿಗುವಾಗ ಇದೇಕೆ ಎಂದು ಒಂದು ಕಂಪನಿ ಅವನನ್ನು ವಾಪಸು ಕಳಿಸಿತಂತೆ. ಈ ತಂತ್ರಕ್ಕೆ ಬೆಲೆ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಐಸ್ಲರನ ಆ ರೇಡಿಯೊಗೂ ಒಂದು ವರ್ಷ ಮೊದಲು, 1935ರಲ್ಲಿ, ನಮ್ಮ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ತೆರೆದಿದ್ದರು. ಮನೆಯ ಮೂಲೆಯಲ್ಲಿ ಇಂಥದ್ದು ಹುಟ್ಟುವುದು ನಮಗೂ ಹೊಸದಲ್ಲ.

ಮಾವ ಪ್ರತಿ ಬೋರ್ಡಿನ ಮೂಲೆಯಲ್ಲಿ ತಮ್ಮ ಹೆಸರಿನ ಮೊದಲಕ್ಷರ ಬರೆಯುತ್ತಾರೆ. ಉಳಿದ ತಾಮ್ರದೊಂದಿಗೆ ಅದೂ ಉಳಿಯುತ್ತದೆ. ಇದೇ ತಾಲ್ಲೂಕಿನ ಜಾವಗಲ್ಲಿನ ಗುಡಿಯಲ್ಲಿ ಶಿಲ್ಪಿ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾನೆ. ಬೇಡದ್ದನ್ನು ತೆಗೆದು ಬೇಕಾದ್ದನ್ನು ಉಳಿಸುವ ಕಸುಬಿನವರಿಗೆ ಸಹಿ ಹಾಕುವ ಆಸೆ ಸಹಜವಿರಬೇಕು.

ಈಗಿನ ಹುಡುಗರಿಗೆ ಬೇರೆ ದಾರಿಗಳಿವೆ. ಲೇಸರ್ ಪ್ರಿಂಟರಿನಲ್ಲಿ ನುಣುಪು ಕಾಗದದ ಮೇಲೆ ನಕ್ಷೆ ತೆಗೆದು, ತಾಮ್ರಕ್ಕೆ ಒತ್ತಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಟೋನರ್ ಅಂಟುತ್ತದೆ. ಕಾಗದ ಮಗುಚಿ ಕೂರುವುದರಿಂದ ಮಾವ ತಲೆಯೊಳಗೆ ಮಾಡುವ ತಿರುವುಮುರುವು ತಾನಾಗಿಯೇ ಆಗಿಬಿಡುತ್ತದೆ. ಇಲ್ಲವೇ ಕಂಪ್ಯೂಟರಿನಲ್ಲಿ ಬಿಡಿಸಿ ಶೆನ್‌ಜೆನ್ನಿಗೆ ಕಳಿಸಿದರೆ, ಎರಡೂ ಮುಖಕ್ಕೆ ತಾಮ್ರ, ಹಸಿರು ಲೇಪ, ತೂತುಗಳೊಳಗೂ ಲೋಹ ಇರುವ ಬೋರ್ಡು ಅಂಚೆಯಲ್ಲಿ ಬರುತ್ತದೆ. ತೂತಿನೊಳಗೆ ಲೋಹ ಲೇಪಿಸುವುದು ಹಿತ್ತಲಲ್ಲಿ ಆಗುವ ಮಾತಲ್ಲ. ಸಾಸಿವೆಗಿಂತ ಚಿಕ್ಕ ಬಿಡಿಭಾಗಗಳಿಗೆ ಮಾರ್ಕರಿನ ಗೆರೆಯೂ ಸಾಲದು. ಆದರೂ ಐಟಿಐಗಳಲ್ಲಿ, ಪಾಲಿಟೆಕ್ನಿಕ್‌ಗಳಲ್ಲಿ ಒಂದಾದರೂ ಬೋರ್ಡನ್ನು ಹುಡುಗರು ಕೈಯಾರೆ ಮಾಡಲಿ ಎಂದು ನನ್ನ ಆಸೆ. ಗೆರೆ ಎಳೆದವನಿಗೆ ಕೆಟ್ಟ ಬೋರ್ಡಿನಲ್ಲಿ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. ಸಣ್ಣ ಊರಿನಲ್ಲಿ ರಿಪೇರಿ ಎಂದರೆ ಅದೇ.

ಮಾವನಿಗೆ ಈಗ ಕೈ ನಡುಗುತ್ತದೆ, ಗೆರೆಗಳು ಮೊದಲಿಗಿಂತ ದಪ್ಪ. ಅವರ ಬೋರ್ಡುಗಳು ಸುತ್ತಲಿನ ತೋಟಗಳ ಪಂಪ್ ಮನೆಗಳಲ್ಲಿ ಇನ್ನೂ ಕೂಗುತ್ತಿವೆ, ಆದರೆ ಒಂದರ ನಕ್ಷೆಯೂ ಕಾಗದದ ಮೇಲಿಲ್ಲ. ಕೆಟ್ಟು ಬಂದ ಬೋರ್ಡನ್ನು ಅವರ ಮೊಮ್ಮಗಳು ಮೊಬೈಲಿನಲ್ಲಿ ಫೋಟೊ ತೆಗೆದು, ನೋಟ್‌ಬುಕ್ಕಿಗೆ ಇಳಿಸತೊಡಗಿದ್ದಾಳೆ. ಕೆಡದೆ ನಡೆಯುತ್ತಿರುವವನ್ನು ಬಿಚ್ಚಿ ತಂದುಕೊಡಲು ತೋಟದವರು ಯಾರೂ ಒಪ್ಪುತ್ತಿಲ್ಲ.