ಯಲಹಂಕದ ಮೊದಲ ಒಕ್ಕಲು ಯಾರದು?

ಬೆಂಗಳೂರನ್ನು ಕಟ್ಟಿದವನು ಕೆಂಪೇಗೌಡ ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವನ ಹಿರಿಯರು ಎಲ್ಲಿಂದ ಬಂದರು? ಯಲಹಂಕದಲ್ಲಿ ಅವರು ನೆಲೆ ಊರಿದ್ದು ಯಾವಾಗ? ಅವರು ಬರುವ ಮುನ್ನ ಇಲ್ಲಿ ಯಾರಿದ್ದರು? ಈ ಪ್ರಶ್ನೆಗಳಿಗೆ ಉತ್ತರ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. ಕೈಫಿಯತ್ತು, ಗೆಜೆಟಿಯರ್, ಶಾಸನ ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಬಳಿಕ ಮೈಸೂರು ಸೀಮೆಯ ಮೋಜಣಿಗೆ ಬಂದ ಕರ್ನಲ್ ಕಾಲಿನ್ ಮೆಕೆಂಜಿ ಬರೀ ನೆಲ ಅಳೆದು ಸುಮ್ಮನಾಗಲಿಲ್ಲ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಸೋದರರಂಥ ದೇಶೀ ಸಹಾಯಕರ ಮೂಲಕ ಊರೂರಿನ ಇತಿಹಾಸವನ್ನು ಬರೆಸಿ ತರಿಸಿದ. ಶಾನುಭೋಗರ ಕಡತ, ಪಾಳೆಯಗಾರರ ಮನೆತನದವರ ಹೇಳಿಕೆ, ಹಿರಿಯರ ನೆನಪು ಎಲ್ಲವೂ ಹೀಗೆ ಕಾಗದಕ್ಕೆ ಇಳಿದವು. ಇಂಥ ಬರಹಗಳೇ ಕೈಫಿಯತ್ತುಗಳು. ಮುಂದೆ ಬಿ.ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಪಾಳೆಯಗಾರ ಮನೆತನಗಳ ಕಥೆಗಳನ್ನು ದಾಖಲಿಸಿದರು. ಬೆಂಗಳೂರಿನಲ್ಲೇ ಹುಟ್ಟಿದ ರೈಸ್, ಇಲ್ಲಿ ನೆಲೆಸಿದ್ದ ಮಿಷನರಿಯೊಬ್ಬರ ಮಗ.

ಬಂಡಿಯಲ್ಲಿ ಬಂದವರು

ಗೆಜೆಟಿಯರ್ ಹೇಳುವ ಕಥೆ ಹೀಗಿದೆ. ಕಂಚಿಯ ಕಡೆಯಿಂದ ಏಳು ಮಂದಿ ಒಕ್ಕಲಿಗರು ಹೆಂಡಿರು ಮಕ್ಕಳೊಡನೆ ಬಂಡಿ ಕಟ್ಟಿಕೊಂಡು ಹೊರಟರು. ಅವರ ಮುಖಂಡ ರಣಭೈರೇಗೌಡ. ಅವನ ಮಗಳು ದೊಡ್ಡಮ್ಮನನ್ನು ಮದುವೆಯಾಗಲು ಅಲ್ಲಿನ ಪಾಳೆಯಗಾರನೊಬ್ಬ ಹಟ ಹಿಡಿದಿದ್ದೇ ಊರು ಬಿಡಲು ಕಾರಣ. ದಾರಿಯಲ್ಲಿ ತುಂಬಿ ಹರಿಯುತ್ತಿದ್ದ ಪಾಲಾರ್ ನದಿ ಅವರಿಗೆ ದಾರಿ ಬಿಟ್ಟುಕೊಟ್ಟಿತಂತೆ. ಕೊನೆಗೆ ಅವರು ನಂದಿದುರ್ಗದ ಪೂರ್ವಕ್ಕಿರುವ ರಾಮಸ್ವಾಮಿ ಬೆಟ್ಟದ ತಪ್ಪಲಲ್ಲಿ ಬೀಡುಬಿಟ್ಟು ಆವತಿಯಲ್ಲಿ ನೆಲೆಸಿದರು. ಈ ಮನೆತನದ ಮಲ್ಲಭೈರೇಗೌಡ ದೇವನಹಳ್ಳಿಗೆ ಹೋದ. ಜಯಗೌಡ ಯಲಹಂಕಕ್ಕೆ ಬಂದು ವಿಜಯನಗರದ ಅಧೀನದಲ್ಲಿ ನಾಡಪ್ರಭು ಎನಿಸಿಕೊಂಡ.

ನದಿ ದಾರಿ ಬಿಟ್ಟ ಮಾತನ್ನು ಇತಿಹಾಸವೆಂದು ಒಪ್ಪಲಾಗದು. ಹಾಗೆಂದು ಇಡೀ ಕಥೆಯನ್ನೇ ತಳ್ಳಿಹಾಕುವುದೂ ಸರಿಯಲ್ಲ. ಒಂದು ಕುಲ ತನ್ನ ವಲಸೆಯನ್ನು ಹೇಗೆ ನೆನಪಿಟ್ಟುಕೊಂಡಿದೆ, ಯಾವ ದಿಕ್ಕಿನಿಂದ ಬಂದೆವೆಂದು ಹೇಳಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಕಥೆಯಲ್ಲಿ ಬರುವ ಊರುಗಳೂ ನಕ್ಷೆಯ ಮೇಲೆ ಒಂದೇ ಜಾಡಿನಲ್ಲಿ ಸಾಗುತ್ತವೆ: ಕಂಚಿ, ಪಾಲಾರ್, ನಂದಿ, ಆವತಿ, ಯಲಹಂಕ.

ಲೆಕ್ಕ ಕೂಡಿದಾಗ

ಎರಡನೆಯ ಪರೀಕ್ಷೆ ಕಾಲಗಣನೆಯದು. ಸಾಮಾನ್ಯವಾಗಿ ಪುಸ್ತಕಗಳು ಕೊಡುವ ಪಟ್ಟಿಯಲ್ಲಿ ಜಯಗೌಡನ ಆಳ್ವಿಕೆ 1420ರಿಂದ 1433, ಗಿಡ್ಡೇಗೌಡನದು 1443ರವರೆಗೆ, ಕೆಂಪನಂಜೇಗೌಡನದು 1513ರವರೆಗೆ, ಹಿರಿಯ ಕೆಂಪೇಗೌಡನದು 1569ರವರೆಗೆ. ಅಂದರೆ ಕೊನೆಯ ಇಬ್ಬರೇ 126 ವರ್ಷ ಆಳಿದಂತಾಯಿತು. ಕೆಂಪನಂಜೇಗೌಡನೊಬ್ಬನದೇ 70 ವರ್ಷ! ಇದು ಅಸಾಧ್ಯವೇನಲ್ಲ, ಆದರೆ ಅಪರೂಪ. ವಂಶಾವಳಿಗಳಲ್ಲಿ ಇಂಥ ಉದ್ದನೆಯ ಆಳ್ವಿಕೆ ಕಂಡಾಗ ನಡುವೆ ಒಂದು ಹೆಸರು ಬಿಟ್ಟುಹೋಗಿರಬಹುದೇ, ಇಬ್ಬರು ಒಬ್ಬರಾಗಿರಬಹುದೇ ಎಂದು ಕೇಳಲೇಬೇಕು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ವಾಡಿಕೆಯಿರುವ ನಾಡಿನಲ್ಲಿ ಈ ಗೊಂದಲ ಸಹಜ. ಅಮೆರಿಕದಲ್ಲಿ ಮೊದಲ ವಲಸೆ ಕುಟುಂಬಗಳನ್ನು ಹುಡುಕುವವರೂ ಊರ ಚರಿತ್ರೆಗಳಲ್ಲಿ ಇದೇ ತೊಡಕನ್ನು ಎದುರಿಸುತ್ತಾರೆ.

ಕಲ್ಲು ಹೇಳುವ ಮಾತು

ಮೂರನೆಯ ಸಾಕ್ಷಿ ಶಾಸನ. ರೈಸ್ ಅವರೇ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ 1905ರಲ್ಲಿ ಹೊರಬಂತು; ಅದು ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ದೊಡ್ಡಬಳ್ಳಾಪುರದ 1267ರ ಹೊಯ್ಸಳ ಶಾಸನವೊಂದು, ಎಲಹಕ್ಕವನ್ನು ರಾಜಧಾನಿ ಮಾಡಿಕೊಂಡು ದೇಚಿದೇವರಸ ಆಳುತ್ತಿದ್ದನೆಂದು ಹೇಳುತ್ತದೆ. ಅದಕ್ಕೂ ಹಿಂದೆ ಚೋಳರ ಕಾಲದಲ್ಲಿ ಇದು ಇಳೈಪಾಕ್ಕ ನಾಡು. ಜಯಗೌಡ ಬರುವ ಒಂದೂವರೆ ಶತಮಾನಕ್ಕೂ ಮೊದಲೇ ಯಲಹಂಕಕ್ಕೆ ಹೆಸರಿತ್ತು, ಒಡೆಯನಿದ್ದ, ಒಕ್ಕಲಿತ್ತು.

ಹೆಬ್ಬಾಳದ ಕಲ್ಲು ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. 2018ರಲ್ಲಿ ಬೆಳಕಿಗೆ ಬಂದ ಅಲ್ಲಿನ ವೀರಗಲ್ಲು ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬೊಳಲು ನಾಡಿನಲ್ಲಿ ಕಾದಾಡಿ ಮಡಿದ ಕಿಟ್ಟಯ್ಯ ಎಂಬಾತನ ಹೆಸರು ಅದರಲ್ಲಿದೆ. ಪೆರ್ಬೊಳಲು ಎಂದರೆ ದೊಡ್ಡ ಪಟ್ಟಣ. ಅದೇ ಹೆಸರು ಸವೆದು ಇಂದಿನ ಹೆಬ್ಬಾಳವಾಗಿದೆ.

ಮೂರನ್ನೂ ಕೂಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಆವತಿಯವರು ಬರಿದಾದ ಕಾಡಿಗೆ ಬಂದವರಲ್ಲ. ಜನವಸತಿಯಿದ್ದ, ಕೆರೆ ಹೊಲಗಳಿದ್ದ ನಾಡಿಗೆ ಬಂದು ಯಜಮಾನಿಕೆ ಪಡೆದವರು. ಕೈಫಿಯತ್ತು ಗೆದ್ದ ಮನೆತನದ ಕಥೆಯನ್ನು ಹೇಳುತ್ತದೆ. ಮೊದಲಿದ್ದವರ ಗುರುತು ಉಳಿದಿರುವುದು ಕಲ್ಲಿನ ಮೇಲೆ. ‘ನಾವೇ ಮೊದಲು ಬಂದವರು’ ಎಂಬ ವಾದ ಯಾವ ಕುಲದಿಂದ ಬಂದರೂ ಈ ಕಲ್ಲುಗಳ ಮುಂದೆ ನಿಲ್ಲುವುದು ಕಷ್ಟ.

ಕಲ್ಲು ಮನೆತನದ ಕಥೆಯ ಕೊನೆಯನ್ನೂ ತಿದ್ದಬಲ್ಲದು. 2015ರಲ್ಲಿ ಮಾಗಡಿ ತಾಲ್ಲೂಕಿನ ಕೆಂಪಾಪುರದ ಗೋಪುರವೊಂದರ ಬರಹವನ್ನು ಓದಿದಾಗ ಅದು ಹಿರಿಯ ಕೆಂಪೇಗೌಡ ಮಡಿದ ಸ್ಥಳವೆಂದು ಗುರುತಿಸಲಾಯಿತು. ಅಲ್ಲಿಯವರೆಗೆ ಅದು ಊರವರ ಪಾಲಿಗೆ ಒಂದು ಹಳೆಯ ಗೋಪುರವಷ್ಟೇ ಆಗಿತ್ತು.

ಉತ್ತರ ಬೆಂಗಳೂರಿನಲ್ಲಿ ಈಗ ಹೊಲಗಳು ಬಡಾವಣೆಗಳಾಗಿವೆ, ಹೆದ್ದಾರಿ ಅಗಲವಾಗಿದೆ. ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗಿ, ಚರಂಡಿಯ ಚಪ್ಪಡಿಯಾಗಿ, ತಳಪಾಯದ ಸೈಜುಗಲ್ಲಾಗಿ ಮಾಯವಾಗುವುದು ಹೊಸದೇನಲ್ಲ. 1909ರಲ್ಲಿ ಆರಂಭವಾದ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿದೆ. ಕೈಫಿಯತ್ತು ಕಳೆದರೆ ನಕಲು ಸಿಕ್ಕೀತು. ಓದದೆ ಒಡೆದ ಕಲ್ಲಿಗೆ ನಕಲಿಲ್ಲ. ತಮ್ಮ ಮನೆತನದ ಮೂಲ ಹುಡುಕಲು ಹೊರಟವರು ಗೆಜೆಟಿಯರ್ ತೆರೆಯುವ ಮುನ್ನ ಊರ ಗುಡಿಯ ಹಿಂದೆ, ಕೆರೆಯ ಏರಿಯ ಮೇಲೆ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.